ಎಣ್ಣೆ ಮಿಲ್ಲಿನ ತಿಳಿನೀರು

ಬೈರಮ್ಮನ ಎಮ್ಮೆ ಅಂದು ಬೆಳಿಗ್ಗೆ ಕೇರಿಯವರು ಕೊಡ ತುಂಬಿಕೊಳ್ಳುವ ಕುಂಟೆಯ ನೀರನ್ನು ಮೂಸಿ, ಮುಖ ತಿರುಗಿಸಿ ಮನೆಗೆ ಹೊರಟುಬಿಟ್ಟಿತು. ಆದದ್ದು ಇಷ್ಟೇ. ಗಳಿಗೆಯೊಳಗೆ ಕೇರಿಯ ಹೆಂಗಸರೆಲ್ಲ ಖಾಲಿ ಕೊಡ ಹಿಡಿದು ಮುಳಬಾಗಿಲಿನ ಕಡಲೆಕಾಯಿ ಎಣ್ಣೆ ಮಿಲ್ಲಿನ ಮುಂದೆ ಕೂತರು. ಎಣ್ಣೆ ತೊಳೆದ ನೀರೆಲ್ಲ ಮಿಲ್ಲಿನ ಮೋರಿಯಿಂದ ನೇರ ಕುಂಟೆಗೇ ಇಳಿಯುತ್ತಿತ್ತು.

ಮಿಲ್ಲಿನ ಒಡೆಯ ಸಾಹುಕಾರ್ ಮುನಿರಾಮಪ್ಪನವರ ಕೋಪ ಯಾರ ಮೇಲೆ ಹುಟ್ಟಿದರೂ ಬೀಳುವುದು ಮೇಸ್ತ್ರಿ ಚನ್ನರಾಯಪ್ಪನ ಮೇಲೆ. ಎರಡನೇ ಮಹಾಯುದ್ಧ ಶುರುವಾದ ವರ್ಷ ಮಿಲ್ಲಿಗೆ ಸೇರಿದವನು. ನಾಲ್ಕು ವರ್ಷದಿಂದ ಬೈಗುಳ ತಿಂದೇ ಮೈ ಬಂದಿತ್ತು. ಸಂಜೆಯೊಳಗೆ ಮೋರಿಯ ನೀರನ್ನು ಆ ಎಮ್ಮೆ ಕುಡಿಯಬೇಕು, ಇಲ್ಲವಾದರೆ ಅವನು ಕೆಲಸ ಬಿಡಬೇಕು ಎಂದು ಸಾಹುಕಾರರು ಹೇಳಿ ಊಟಕ್ಕೆ ಹೋದರು.

ಚನ್ನರಾಯಪ್ಪ ಮೋರಿಗೆ ಅಡ್ಡಲಾಗಿ ಒಂದು ಗುಂಡಿ ತೋಡಿಸಿದ. ನೀರು ನಿಂತು ಎಣ್ಣೆ ಮೇಲೆ ತೇಲಿತು. ಸೌಟು ಹಿಡಿದು ಅದನ್ನು ಬಳಿದು ತೆಗೆಯಲು ಕೂತ. ಬಿಟ್ಟಿ ಬುದ್ಧಿ ಹೇಳಲು ಊರಿಗೆ ಊರೇ ಬಂತು. ಕುಂಬಾರ ದೊಡ್ಡಮುನಿಯಪ್ಪ, ಬೂದಿ ಎಣ್ಣೆ ಹೀರುತ್ತದೆ ಎನ್ನುತ್ತಾ, ಯಾರನ್ನೂ ಕೇಳದೆಯೇ ಒಂದು ಮಂಕರಿ ಬೂದಿ ಸುರಿದ. ಗುಂಡಿ ರಾಗಿ ಅಂಬಲಿಯಂತಾಯಿತು. ಅದೇನೆಂದು ನೋಡಲು ಬಂದ ಎಮ್ಮೆ ಜಾರಿ ಒಳಗೇ ಬಿತ್ತು. ಆರು ಜನ ಎತ್ತಿದ ಮೇಲೆ ಯುಗಾದಿಯ ಎಣ್ಣೆಸ್ನಾನಕ್ಕೆ ಕೂತಂತೆ ಮಿರಮಿರ ಮಿಂಚುತ್ತಾ ಬಂತು.

"ಇದಕ್ಕೆ ಸೀಗೇಕಾಯಿ ಯಾರು ಹಾಕ್ತಾರಣ್ಣ?" ಎಂದಳು ಬೈರಮ್ಮ.

ಚನ್ನರಾಯಪ್ಪ ಸೋತು ಹೋಗಿ ಈಶ್ವರನ ಗುಡಿಯಲ್ಲಿ ಕೂತ. ಲಿಂಗದ ಮೇಲಿನ ಧಾರಾಪಾತ್ರೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ನೋಡುತ್ತಿದ್ದವನು ದಡಕ್ಕನೆ ಎದ್ದ. ತೂತು ಇರುವುದು ತಳದಲ್ಲಿ! ಮೇಲಿನ ಎಣ್ಣೆಯನ್ನು ಬಳಿಯುವ ಗೋಜೇಕೆ, ಕೆಳಗಿನ ನೀರನ್ನು ಬಿಟ್ಟರಾಯಿತಲ್ಲ?

ಓಡಿಬಂದು ಬೂದಿಗುಂಡಿ ಮುಚ್ಚಿಸಿ, ಸಾಲಾಗಿ ಮೂರು ಹೊಸ ಗುಂಡಿ ತೋಡಿಸಿ, ಒಂದರ ತಳದಿಂದ ಇನ್ನೊಂದಕ್ಕೆ ಮಣ್ಣಿನ ಕೊಳವೆ ಇಟ್ಟ. ಕೊಳವೆ ತರುವ ಕೆಲಸವನ್ನು ದೊಡ್ಡಮುನಿಯಪ್ಪನಿಗೇ ಹಚ್ಚಿದ್ದರಿಂದ ಅವನ ಬಾಯಿಯೂ ಕಟ್ಟಿತು. ಕೊನೆಯ ಗುಂಡಿಗೆ ಮರಳು, ಇದ್ದಿಲು ತುಂಬಿಸಿದ.

ಹೊತ್ತು ಇಳಿಯುವಾಗ ತಿಳಿನೀರು ಹರಿಯಿತು. ಎಮ್ಮೆ ಎರಡು ಸಲ ಮೂಸಿತು. ಕೇರಿಯೆಲ್ಲ ಕತ್ತು ಚಾಚಿ ನೋಡಿತು. ಆಮೇಲೆ ಅದು ಹೊಟ್ಟೆ ಬಿರಿಯುವಷ್ಟು ಕುಡಿಯಿತು. ಗಂಡಸರು ಚನ್ನರಾಯಪ್ಪನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಹೆಂಗಸರು ಆರತಿ ತರಲು ಓಡಿದರು. ಅವನಿಗೆ ಹುಟ್ಟಿದಾಗಿನಿಂದ ಅಂಥ ಸಂತೋಷ ಆಗಿರಲಿಲ್ಲ.

ಸಾಹುಕಾರರು ಬಂದು ಬೆನ್ನು ತಟ್ಟಿದರು. ಮೊದಲ ಗುಂಡಿಯಲ್ಲಿ ತೇಲುತ್ತಿದ್ದ ಎಣ್ಣೆಯನ್ನು ತುಂಬಿಸಿದರೆ ಎರಡು ಡಬ್ಬ ಆಯಿತು. ಅವರ ಮುಖ ಅರಳಿತು, ಆಮೇಲೆ ಏನೋ ಯೋಚನೆ ಬಂದು ಗಂಟಿಕ್ಕಿತು.

"ಒಂದು ಮಧ್ಯಾಹ್ನಕ್ಕೇ ಎರಡು ಡಬ್ಬ. ಹಂಗಾದ್ರೆ ನಾಲ್ಕು ವರ್ಷದಿಂದ ದಿನಾ ನನ್ನ ಎಣ್ಣೇನ ಕುಂಟೆಗೆ ಬಿಡ್ತಾ ಇದ್ದೆ ನೀನು."

ಆ ಮೋರಿ ಕಟ್ಟಿಸಿದವರು ಸಾಹುಕಾರರೇ ಆಗಿದ್ದರು. ನಾಳೆಯಿಂದ ಬರಬೇಡ ಎಂದು ಹೇಳಿ ಸಾಹುಕಾರರು ಡಬ್ಬಗಳನ್ನು ಒಳಗೆ ಸಾಗಿಸಿದರು.

ಅಷ್ಟರಲ್ಲಿ ಆರತಿ ತರಲು ಓಡಿದ್ದ ಅಕ್ಕಯಮ್ಮ ತಟ್ಟೆ ಹಿಡಿದು, ಹಿಂದೆ ಕೇರಿಯನ್ನೆಲ್ಲ ಕಟ್ಟಿಕೊಂಡು ಬಂದಳು. ಅವನ ಹಣೆಗೆ ದೊಡ್ಡದಾಗಿ ಕುಂಕುಮ ಇಟ್ಟು, "ಅಂತೂ ಕೆಲ್ಸ ಉಳೀತಲ್ಲಣ್ಣ" ಎಂದಳು.

ಚನ್ನರಾಯಪ್ಪ ಎಮ್ಮೆಯ ಕಡೆ ನೋಡಿದ. ಅದಿನ್ನೂ ಕುಡಿಯುತ್ತಲೇ ಇತ್ತು.

"ನೀರು ಉಳೀತು ಕಣಮ್ಮ" ಎಂದು ಆರತಿಗೆ ತಲೆಬಾಗಿದ.