ಅತ್ತೆಯ ಮನೆಗೆ ಹನ್ನೊಂದು ಕಲಮು

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ನನ್ನ ದಿನಚರಿ ‘ಎಂಟು ದಿನ’ ಎನ್ನುತ್ತದೆ. ನಮ್ಮವರು ‘ಮೂರೇ ದಿನ’ ಎನ್ನುತ್ತಾರೆ. ಹಸಿದವಳು ನಾನು. ಆದ್ದರಿಂದ ಎಂಟು ಎಂದೇ ಇಟ್ಟುಕೊಳ್ಳೋಣ.

ತೊಂಬತ್ತರ ದಶಕದ ಕೊನೆ. ಗಡಿಯಾಚೆ, ಮರಾಠಿ ಆಡಳಿತದ ಜತ್ತದ ಒಂದು ಶಾಲೆಯಲ್ಲಿ ನನಗೆ ನೌಕರಿ ಸಿಕ್ಕು, ನಾವು ಗಂಡ ಹೆಂಡತಿ ನನ್ನ ಸೋದರಮಾವನ ಮನೆಯ ಮುಂದಿನ ಎರಡು ಕೋಣೆಯಲ್ಲಿದ್ದೆವು. ಮಾವ ತೀರಿಕೊಂಡ ಮೇಲೆ ಮನೆ ಅತ್ತೆ ಶಾಂತವ್ವನದು. ಬಾಡಿಗೆಯ ಮಾತೆತ್ತಿದರೆ ಆಕೆಗೆ ಕಿವಿಯೇ ಕೇಳಿಸುತ್ತಿರಲಿಲ್ಲ. ಎರಡೂ ಹೊತ್ತು ಆಕೆಯ ಒಲೆಯಿಂದ ಜೋಳದ ರೊಟ್ಟಿ ನೇರ ನನ್ನ ತಾಟಿಗೆ ಬೀಳುತ್ತಿತ್ತು.

ಆದರೆ ನನಗೆ ಸ್ವಂತ ಗ್ಯಾಸ್ ಬೇಕಿತ್ತು. ಗ್ಯಾಸಿಗೆ ರೇಷನ್ ಕಾರ್ಡ್ ಬೇಕು, ಕಾರ್ಡಿಗೆ ಬಾಡಿಗೆಯ ಕರಾರು ಬೇಕು. ಅಷ್ಟೇ ತಾನೆ! ಎಂ.ಎ. ಓದಿದವಳಿಗೆ ಒಂದು ಕರಾರು ಬರೆಯುವುದು ಯಾವ ಮಹಾ ಕೆಲಸ?

ನಾಲ್ಕು ಸಾಲು ಸಾಕಿತ್ತು. ನಾನು ಹನ್ನೊಂದು ಕಲಮು ಬರೆದೆ, ಅದೂ ಶುದ್ಧ ಮರಾಠಿಯಲ್ಲಿ! ಭಾಡೇಕರಿಯು, ಅರ್ಥಾತ್ ಬಾಡಿಗೆದಾರಳು, ಮಾಲೀಕರ ಅಡುಗೆಮನೆಯನ್ನು ಪ್ರವೇಶಿಸತಕ್ಕದ್ದಲ್ಲ. ಹಿತ್ತಲಿನ ಫಲಪುಷ್ಪಗಳ ಮೇಲೆ ಯಾವ ಹಕ್ಕನ್ನೂ ಸಾಧಿಸತಕ್ಕದ್ದಲ್ಲ.

“ಭಾಡಿ ಕೊಡದ ಭಾಡೇಕರಿ! ಮಂದಿ ನಗ್ತಾರ,” ಎಂದರು ನಮ್ಮವರು.

“ನಿಮಗ ಕಾಯ್ದೆ ತಿಳಿಯಂಗಿಲ್ಲ, ಸುಮ್ನ ಕುಂದ್ರಿ.”

ಅತ್ತೆ ಎಲ್ಲವನ್ನೂ ಕನ್ನಡದಲ್ಲಿ ಹೇಳಿಸಿಕೊಂಡಳು. ಪ್ರತಿ ಕಲಮಿಗೂ “ಹೌದಾ?” ಎಂದಳು. ಕೊನೆಗೆ, “ಇದೆಲ್ಲಾ ನೀನ ಬರದೀಯೇನು?”

“ಹೂಂ!” ಎಂದೆ ಹೆಮ್ಮೆಯಿಂದ.

ಅತ್ತೆ ಹೆಬ್ಬೆಟ್ಟು ಒತ್ತಿದಳು.

ಸಂಜೆ ತಾಟು ಹಿಡಿದು ಅಡುಗೆಮನೆಗೆ ಹೊರಟೆ. ಅತ್ತೆ ಬಾಗಿಲಿಗೆ ಕೈ ಅಡ್ಡ ಇಟ್ಟಳು. “ಎಲ್ಲಿಗೆ ಹೊಂಟ್ರಿ ಬಾಯಾರ? ನಾಕನೇ ಕಲಮು ಏನ್ ಹೇಳತೈತಿ?”

ಬಾಯಾರು! ಹುಟ್ಟಿದಾಗಿನಿಂದ “ಏ ಸುಮಿ” ಎನ್ನುತ್ತಿದ್ದವಳು ನನ್ನನ್ನು ಊರಿನವರು ಶಿಕ್ಷಕಿಯನ್ನು ಕರೆಯುವಂತೆ ಕರೆದಳು.

ಮರುದಿನ ಹಿತ್ತಲಲ್ಲಿ ಕರಿಬೇವಿಗೆ ಕೈ ಹಾಕಿದೆ. ಹಿಂದಿನಿಂದ ದನಿ ಬಂತು: “ಫಲಪುಷ್ಪ!”

“ಇದು ಎಲಿ ಅತ್ತಿ, ಕರಿಬೇವು!”

“ಹೌದಾ? ಹಂಗಾರ ಹಂಗಂತ ಬರ್ಕೊಂಡು ಬರ್ರಿ. ಹೆಬ್ಬೆಟ್ಟು ಒತ್ತತೀನಿ.”

ಸೀಮೆಎಣ್ಣೆ ಸ್ಟವ್ವಿನ ಮೇಲೆ ನಾನೇ ರೊಟ್ಟಿ ಮಾಡಲು ಹೋದೆ. ಖಾಲಿ ಮಾಡಲು ಒಪ್ಪದ ಭಾಡೇಕರಿಯಂತೆ ಅದು ಹಂಚು ಬಿಟ್ಟು ಏಳಲಿಲ್ಲ. ನಮ್ಮವರು ಮಾತಾಡಲಿಲ್ಲ. ಅವರ ಹೊಟ್ಟೆ ಮಾತಾಡಿತು.

ಕೊನೆಗೂ ನಾನು ಕೊಟ್ಟಿದ್ದ ಅರ್ಜಿ, ಕರಾರು ಹಿಡಿದು ತಹಶೀಲ ಕಚೇರಿಯಿಂದ ಒಬ್ಬ ಕಾರಕೂನ ವಿಚಾರಣೆಗೆ ಬಂದ. “ಈ ಬಾಯಾರು ನಿಮ್ಮ ಭಾಡೇಕರಿ ಏನ್ರಿ ಆಯಿ?”

ಹೌದು ಎಂದರೆ ಗ್ಯಾಸ್. ಇಲ್ಲ ಎಂದರೆ, ನಾನು ಸುಳ್ಳು ಕಾಗದ ಮಾಡಿದ ಶಿಕ್ಷಕಿ!

“ಭಾಡೇಕರಿ? ಇಕಿ?” ಅತ್ತೆ ಒಳಕೋಣೆಯತ್ತ ಕೈ ತೋರಿಸಿದಳು. “ನಮ್ಮ ನಾದಿನಿ ಮಗಳ್ರಿ. ಅಲ್ಲೆ ಹುಟ್ಯಾಳ. ಸೂಲಗಿತ್ತಿ ಬರೂದು ತಡಾ ಆತು, ನಾನ ಎತ್ಕೊಂಡೀನಿ. ಅವತ್ತು ಯಾವ ಕರಾರು ತಂದಿದ್ಲು ಕೇಳ್ರಿ!”

“ಮತ್ತ ಈ ಹೆಬ್ಬೆಟ್ಟು?”

“ನಂದ. ಹುಡುಗಿ ಭಾಳ ಆಸೇಲೆ ಬರದಿತ್ತು, ಒತ್ತೀನಿ. ತಪ್ಪಿದ್ರ ನನ್ನ ಹೆಸರಿಗೆ ಹಚ್ಚಿ ಬಿಡ್ರಿ. ಇಕಿಗೇನೂ ಅನಬ್ಯಾಡ್ರಿ.”

ನನ್ನ ತಪ್ಪನ್ನು ಆಕೆ ಒಂದೇ ಉಸಿರಿಗೆ ತನ್ನ ತಲೆಯ ಮೇಲೆ ಹೊತ್ತುಕೊಂಡಳು. ನನ್ನ ಹನ್ನೊಂದು ಕಲಮಿನಲ್ಲಿ ಅಂಥ ಒಂದು ಸಾಲೂ ಇರಲಿಲ್ಲ.

ಕಾರಕೂನ ನಕ್ಕು ಕರಾರನ್ನು ಮಡಚಿ ನನ್ನ ಕೈಗೆ ಕೊಟ್ಟ. “ಆಯಿಯ ಕಾರ್ಡಿನ್ಯಾಗ ಹೆಸರು ಕೂಡಸ್ರಿ, ಮುಗೀತು,” ಎಂದ. ಕೂಡಿಸಿದೆವು, ಕೊನೆಯ ಎರಡು ಸಾಲಿನಲ್ಲಿ. ಬೇರೆ ಕಾರ್ಡಿಲ್ಲದೆ ಗ್ಯಾಸ್ ಬರಲಿಲ್ಲ. ಕರಾರು ಅಂದು ಸಂಜೆ ಅತ್ತೆಯ ಒಲೆ ಹೊತ್ತಿಸಲು ಉಪಯೋಗಕ್ಕೆ ಬಂತು. ನನ್ನ ಎಂ.ಎ.ಯಿಂದ ಆ ಮನೆಗೆ ಆದ ಉಪಕಾರ ಅಷ್ಟೇ.

“ಏ ಸುಮಿ, ತಾಟ ತಗೊಂಡು ಬಾ. ಲಗೂನ!”

ಮೂರನೇ ರೊಟ್ಟಿಗೆ ಧೈರ್ಯ ಬಂತು. “ಅತ್ತಿ, ಖರೆ ಹೇಳು. ಇಷ್ಟು ದಿನ ನಗಲಾಕ ಚಾಷ್ಟಿ ಮಾಡಿದ್ದೋ, ಮನಸಿಗೆ ನೋವಾಗಿತ್ತೋ?”

ಅತ್ತೆ ರೊಟ್ಟಿ ತಟ್ಟುತ್ತಲೇ ಇದ್ದಳು. ಆಮೇಲೆ ಎಷ್ಟೋ ವರ್ಷ ಅದನ್ನೇ ಕೇಳಿದ್ದೇನೆ. ಕೇಳಿದಾಗೆಲ್ಲ ತಾಟಿಗೆ ಒಂದು ರೊಟ್ಟಿ ಹೆಚ್ಚಿಗೆ ಬೀಳುತ್ತದೆ. ನಾನು ದಪ್ಪಗಾಗಿದ್ದೇನೆ, ಉತ್ತರ ಇನ್ನೂ ಬಂದಿಲ್ಲ.