ಬೈರಪ್ಪನವರ ವಾಚ್‌ಮನ್

ಸಂಘಮಿತ್ರಾ: ಎರಡರಲ್ಲಿ ಒಂದು ತಗೊಳ್ಳಿ ಅಂಕಲ್. ಎರಡೂ ಒಟ್ಟಿಗೆ ತಗೊಂಡ್ರೆ ಅರ್ಥಾನೇ ಇಲ್ಲ.

ಬೈರಪ್ಪ: ಚೀಟೀಲಿ ನನ್ನ ಹೆಂಡ್ತಿ ಎರಡೂ ಬರೆದವ್ಳಲ್ಲಮ್ಮ! ಒಂದೇ ತಗೊಂಡ್ ಹೋದ್ರೆ ನನ್ನ ಮನೆ ಒಳಗೆ ಸೇರಿಸಲ್ಲ.

ವಿಜಯನಗರದ ಆ ಮೆಡಿಕಲ್ ಸ್ಟೋರಿನ ಕೌಂಟರಿನ ಮೇಲೆ, ಔಷಧಿ ಕೊಡುವ ಹುಡುಗಿ ಸಂಘಮಿತ್ರಾಳ ಮುಂದೆ, ಮುಖ ಬೆಳ್ಳಗಾಗಿಸುವ ಕ್ರೀಮೂ ಆ್ಯಂಟಿಆಕ್ಸಿಡೆಂಟ್ ಕ್ಯಾಪ್ಸೂಲೂ ಅಕ್ಕಪಕ್ಕ ಕೂತಿದ್ದವು. ಬೈರಪ್ಪನವರಿಗೆ ನಾಯಂಡಹಳ್ಳಿಯಲ್ಲಿ ಎರಡು ಗೋಡೌನು. ಮುಂದಿನ ವಾರ ಮಗಳ ನಿಶ್ಚಿತಾರ್ಥ. ಬೀಗರ ಕಡೆಯವರು ಒಬ್ಬರಿಗಿಂತ ಒಬ್ಬರು ಬೆಳ್ಳಗೆ. ಹೆಂಡತಿ ಬೋರಮ್ಮ ಬರೆದುಕೊಟ್ಟ ಚೀಟಿ ಓದಿದಾಗಿನಿಂದ ಅವರಿಗೆ ಸಂಕಟ. ಮೂವತ್ತು ವರ್ಷ ಸಂಸಾರ ಮಾಡಿ, ಇವಳಿಗೆ ಈಗ ನಾನು ಕಪ್ಪಗೆ ಕಂಡೆನೇ?

ಸಂಘಮಿತ್ರಾ: ನಿಮ್ಮ ಚರ್ಮದಲ್ಲಿ ಬಣ್ಣ ಮಾಡೋ ಜೀವಕೋಶಗಳಿವೆ. ಅವು ಮೆಲನಿನ್ ಮಾಡ್ತವೆ. ಬಿಸಿಲು ಬಿದ್ರೆ ಮೈಯಲ್ಲಿ ಫ್ರೀ ರ್‍ಯಾಡಿಕಲ್ ಹುಟ್ಟುತ್ತೆ. ಅದಕ್ಕೊಂದು ಎಲೆಕ್ಟ್ರಾನ್ ಕಮ್ಮಿ, ಸಿಕ್ಕಿದವರ ಹತ್ರ ಕಿತ್ಕೊಳ್ಳುತ್ತೆ. ಮೆಲನಿನ್ ತನ್ನ ಹತ್ರ ಇರೋದನ್ನ ಕೊಟ್ಟು ಸಮಾಧಾನ ಮಾಡಿ ಮೈ ಕಾಯುತ್ತೆ.

ಬೈರಪ್ಪ: ನನ್ನ ಕೇಳದೇನೇ?

ಸಂಘಮಿತ್ರಾ: ಹೂಂ. ಈ ಕ್ರೀಮು ಆ ಮೆಲನಿನ್ ಕಮ್ಮಿ ಮಾಡುತ್ತೆ. ಕ್ಯಾಪ್ಸೂಲು ಅದೇ ಥರದ ಕೆಲಸಕ್ಕೆ ಹೊರಗಡೆಯಿಂದ ಬರುತ್ತೆ. ನಿಮ್ಮ ಗೋಡೌನಿಗೆ ವಾಚ್‌ಮನ್ ಇದಾರಾ?

ಬೈರಪ್ಪ: ಉಗ್ರಪ್ಪ ಅಂತ ಅವ್ನೆ.

ಸಂಘಮಿತ್ರಾ: ಅವರನ್ನ ಬಿಡಿಸಿ ಏಜೆನ್ಸಿಯಿಂದ ಇನ್ನೊಬ್ಬರನ್ನ ಕರೆಸ್ತೀರಾ?

ಬೈರಪ್ಪ: ಹೋದ್ ವರ್ಷ ಕರೆಸಿದ್ದೆ.

ಸಂಘಮಿತ್ರಾ ಈ ಉತ್ತರ ನಿರೀಕ್ಷಿಸಿರಲಿಲ್ಲ.

ಸಂಘಮಿತ್ರಾ: ಆಮೇಲೆ?

ಬೈರಪ್ಪ: ಉಗ್ರಪ್ಪನೇ ಯೂನಿಫಾರಂ ಹಾಕ್ಕೊಂಡು ಬಂದ. ಸಂಬಳ ಡಬಲ್ಲು.

ಸಂಘಮಿತ್ರಾ: ನಾನು ಹೇಳ್ತಿರೋದೂ ಅದೇ ಅಂಕಲ್.

ಬೈರಪ್ಪನವರಿಗೆ ತಟ್ಟನೆ ಎಲ್ಲ ಅರ್ಥವಾಯಿತು. ಅಲ್ಲೇ ಮನೆಗೆ ಫೋನ್ ಹಚ್ಚಿ, ಕಿವಿ ಮಂದವಾದ್ದರಿಂದ ಸ್ಪೀಕರಿಗೆ ಹಾಕಿದರು.

ಬೈರಪ್ಪ: ನೋಡು ಬೋರಮ್ಮ, ನಂದು ಬರೀ ಕಪ್ಪಲ್ಲ. ಮೈಯೆಲ್ಲ ಕಾವಲು ಐತೆ. ನಾನು ಬೆಳ್ಳಗಾಗಕಿಲ್ಲ!

ಬೋರಮ್ಮ: ನಿಮ್ಮನ್ನ ಬೆಳ್ಳಗಾಗಿ ಅಂದೋರ್ಯಾರು? ಕ್ಯಾಪ್ಸೂಲು ನಿಮಗೆ, ಅಳಿಯಂದ್ರು ಹೇಳಿದ್ದು. ಕ್ರೀಮು ನಂಗೆ.

ಬೈರಪ್ಪನವರ ಸಂಕಟ ಇಳಿಯಿತು, ಆದರೆ ನೆಮ್ಮದಿಯಾಗಲಿಲ್ಲ. ಮೊನ್ನೆ ಬೀಗರ ಮನೆಯಲ್ಲಿ ಫೋಟೋ ತೆಗೆಯುವಾಗ ಬೋರಮ್ಮ ಸುಮ್ಮನೆ ಹಿಂದಿನ ಸಾಲಿಗೆ ಸರಿದುಕೊಂಡಿದ್ದಳು. ಜಾಗ ಸಾಲದೆ ಇರಬೇಕು ಎಂದು ಅವರು ಅಂದುಕೊಂಡಿದ್ದರು.

ಬೈರಪ್ಪ: ನಿನ್ನ ವಾಚ್‌ಮನ್ನೂ ಬಿಡಿಸ್ಬೇಡ ಕಣೇ.

ಬೋರಮ್ಮ: ಯಾವ ವಾಚ್‌ಮನ್ನು?

ಬೈರಪ್ಪ: ಮನೆಗೆ ಬಂದು ಹೇಳ್ತೀನಿ. ನೀನು ಇರೋ ಹಂಗೇ ಚೆಂದ ಇದೀಯ. ನಿಶ್ಚಿತಾರ್ಥದಲ್ಲಿ ಮುಂದಿನ ಸಾಲಲ್ಲಿ, ನನ್ನ ಪಕ್ಕ ನಿಂತ್ಕೊ.

ಸಂಘಮಿತ್ರಾ ಕ್ರೀಮನ್ನು ಎತ್ತಿ ಶೆಲ್ಫಿನಲ್ಲಿಟ್ಟಳು.

ಬೋರಮ್ಮ: ಸರಿ, ಕ್ರೀಮ್ ಬೇಡ. ಬರ್ತಾ ಫೋಟೋ ಸ್ಟುಡಿಯೋದೋರಿಗೆ ಒಂದು ಮಾತು ಹೇಳ್ಬಿಟ್ಟು ಬನ್ನಿ.

ಬೈರಪ್ಪ: ನಮ್ಮಿಬ್ಬರನ್ನ ಬೆಳ್ಳಗೆ ತೋರಿಸಿ ಅಂತಾನಾ?

ಬೋರಮ್ಮ: ಅಲ್ಲ. ಬೀಗರನ್ನ ಒಂಚೂರು ಕಪ್ಪಗೆ ಮಾಡೋಕಾಗುತ್ತಾ, ಕೇಳಿ.