ಅಕ್ಕನ ಮೊಣಕಾಲಿಗೆ ಎರಡು ತಟ್ಟು

ಮುಂಬಯಿಯ ಸಯನ್‌ನ ನಮ್ಮ ಗಲ್ಲಿಯಲ್ಲಿ ಪ್ರೈವಸಿ ಎಂಬ ಪದಾರ್ಥವನ್ನು ನಿರ್ನಾಮ ಮಾಡಿದವಳು ಎರಡೂ ಕಿವಿ ಕೇಳದ ನಮ್ಮ ಅಕ್ಕ ಎಂದರೆ ನೀವು ನಂಬುತ್ತೀರಾ?

ಧಾರವಾಡದಲ್ಲಿ ಸಣ್ಣವಳಿದ್ದಾಗ ಬಂದ ಜ್ವರ ಅವಳ ಕಿವಿಗಳನ್ನು ಒಯ್ದು ಹದ್ದಿನ ಕಣ್ಣುಗಳನ್ನು ಬಿಟ್ಟುಹೋಗಿತ್ತು. ಕನ್ನಡವಾಗಲಿ ಮರಾಠಿಯಾಗಲಿ, ಆಡುವವರ ತುಟಿ ಕಂಡರೆ ಸಾಕು, ಮಾತು ಅವಳ ಕೈಗೆ ಸಿಕ್ಕಂತೆಯೇ. ಎದುರು ಬಿಲ್ಡಿಂಗಿನಲ್ಲಿ ವಿಜಯಪುರದ ಕಡೆಯ ಅತ್ತೆ-ಸೊಸೆ ಇದ್ದರು. ಒಂದು ಬೆಳಿಗ್ಗೆ ಅತ್ತೆ, "ನಾ ಹಂಗ ಅಂದೇ ಇಲ್ಲ" ಎಂದು ಆಣೆ ಹಾಕುತ್ತಿದ್ದರು. ನಮ್ಮ ಬಾಲ್ಕನಿಯಿಂದ ಅಕ್ಕ ಗುಡುಗಿದಳು: "ಸುಳ್ಳ್ಯಾಕ ಹೇಳ್ತೀರಿ? ನಿನ್ನೆ ನೀವೇ ಅಂದಿರಿ. ನಾ ನೋಡೀನಿ."

ಮರುದಿನವೇ ಅಲ್ಲಿ ದಪ್ಪನೆಯ ಪರದೆ ಬಂತು. ಅಕ್ಕನಿಗೇನೂ ಬೇಸರವಾಗಲಿಲ್ಲ. "ಎಷ್ಟ ದಿನಾ ಹಾಕ್ತಾರ ನೋಡೂಣು. ಮೇ ತಿಂಗಳ ಬರ್ಲಿ."

ಅವಳು ಸೋತದ್ದು ಇಂಗ್ಲಿಷಿನ ಮುಂದೆ ಮಾತ್ರ. ನಾನು ಫೋನಿನಲ್ಲಿ ಗೆಳತಿಯರೊಡನೆ ಇಂಗ್ಲಿಷಿಗೆ ಇಳಿದರೆ ನನ್ನ ಬಾಯನ್ನೇ ದಿಟ್ಟಿಸಿ, "ಕಾನ್ವೆಂಟಿನ್ಯಾಗ ನಿನಗ ಬಾಯಿ ಮುಚ್ಚಿ ಮಾತಾಡೂದು ಕಲಿಸ್ಯಾರೇನು, ಹುಡುಗಿ?" ಎನ್ನುತ್ತಿದ್ದಳು. ಎಪ್ಪತ್ತು ದಾಟಿದ ಮೇಲೂ ನಾನು ಅವಳಿಗೆ ಹುಡುಗಿಯೇ.

ಲೋಕಲ್ ಟ್ರೇನಿನಲ್ಲಿ ಮಾತ್ರ ಅವಳಿಗೆ ನಾನು ಬೇಕು. ಸುತ್ತ ನಿಂತವರ ಗೋಡೆ. ಸ್ಟೇಷನ್ನಿನ ಹೆಸರು ಕಾಣದು, ಅನೌನ್ಸ್‌ಮೆಂಟ್ ಅವಳಿಗಲ್ಲ. ಅದಕ್ಕಾಗಿ ನಮ್ಮಲ್ಲೊಂದು ವ್ಯವಸ್ಥೆಯಿತ್ತು. ಇಳಿಯುವ ಸ್ಟೇಷನ್ ಹತ್ತಿರವಾದಾಗ ನಾನು ಅವಳ ಮೊಣಕಾಲಿಗೆ ಎರಡು ಬಾರಿ ತಟ್ಟಬೇಕು. ತಟ್ಟಿದ್ದೇ ತಡ, ಸೆರಗು ಸೊಂಟಕ್ಕೆ, ಪರ್ಸು ಎದೆಗೆ, ಮೊಳಕೈ ಎರಡೂ ಹೊರಕ್ಕೆ. ಆಮೇಲೆ ಅವಳನ್ನು ತಡೆಯುವುದು ಬ್ರಹ್ಮನಿಂದಲೂ ಆಗದು.

ಇಂಥವಳ ಪಕ್ಕದಲ್ಲಿ ಕೂತಾಗ ಕೈ ಹತೋಟಿಯಲ್ಲಿರಬೇಕು ತಾನೇ? ವಡಾಲದಲ್ಲೊಂದು ಮದುವೆ. ಮಂಗಳಾಷ್ಟಕ ನಡೆದಿತ್ತು, ಎಲ್ಲರ ಮುಷ್ಟಿಯಲ್ಲೂ ಅಕ್ಷತೆ. ಮದುಮಗಳ ಸೀರೆ ಎಷ್ಟು ಎಲಿಗೆಂಟ್ ಆಗಿದೆ ನೋಡು ಎಂದು ತೋರಿಸಲು ನಾನು ಮೈಮರೆತು ಅಕ್ಕನ ಮೊಣಕಾಲು ಎರಡು ಸಲ ತಟ್ಟಿಬಿಟ್ಟೆ. ಸೆರಗು ಸೊಂಟಕ್ಕೆ ಹೋಯಿತು! ಇಡೀ ಸಾಲನ್ನು ಸೀಳಿಕೊಂಡು ಅಕ್ಕ ಬಾಗಿಲ ಕಡೆ ನಡೆದಳು. ಹಿಂದಿನ ಸಾಲಿನವಳೊಬ್ಬಳು ತಕ್ಷಣ ಅವಳ ಕುರ್ಚಿ ಹಿಡಿದಳು. ಮುಂಬಯಿ ಹೆಂಗಸು ಖಾಲಿ ಸೀಟು ಬಿಡುತ್ತಾಳೆಯೇ? ಉಳಿದವರು ಊಟ ಶುರುವಾಯಿತೆಂದು ಅಕ್ಕನ ಹಿಂದೆ ಹೊರಟರು. ಅಂತರಪಟ ಸರಿದಾಗ ಮದುಮಕ್ಕಳ ತಲೆಗೆ ಬಿದ್ದದ್ದು ಅರ್ಧ ಸಭೆಯ ಅಕ್ಷತೆ ಮಾತ್ರ.

ನಾನು ಎಂಬರಾಸ್ ಆಗಿ ಓಡಿಹೋದರೆ, ಅಕ್ಕ ಊಟದ ಹಾಲಿನಲ್ಲಿ ಮೊದಲ ಎಲೆಯ ಮುಂದೆ ಕೂತಿದ್ದಳು.

"ಎದ್ದು ಬಂದ್ಯಲ್ಲ, ಯಾಕ?" ಎಂದೆ.

"ನೀ ತಟ್ಟಿದಿ, ನಾ ಎದ್ದೆ. ಸುಮ್‌ಸುಮ್ನ ತಟ್ಟಬ್ಯಾಡ ಮತ್ತ."

ಕಳೆದ ಮಳೆಗಾಲದಲ್ಲಿ ಅಕ್ಕ ಆಸ್ಪತ್ರೆ ಸೇರಿದಳು. ಐಸಿಯುನಲ್ಲಿ ಎಲ್ಲರ ಮುಖಕ್ಕೂ ಮಾಸ್ಕ್. ಅವಳ ಪಾಲಿಗೆ ಇಡೀ ಜಗತ್ತೇ ಪರದೆ ಹಾಕಿಕೊಂಡಂತೆ. ಕೊನೆಗೆ ಪ್ರಜ್ಞೆ ತಪ್ಪಿ ಅವಳ ಕಣ್ಣೂ ಮುಚ್ಚಿತು. "ಆಂಟಿ, ಪಕ್ಕದಲ್ಲಿ ಯಾರಿದ್ದಾರೆ ಅನ್ನೋದು ಅವರಿಗೆ ಗೊತ್ತಾಗೋದು ಡೌಟು" ಎಂದರು ಡಾಕ್ಟರು. ನನಗೆ ಸಾವಿನ ಭಯವಿರಲಿಲ್ಲ, ಅವಳಿಗೂ ಇರಲಿಲ್ಲ. ಹುಡುಗಿ ಬರಲೇ ಇಲ್ಲ ಎಂದುಕೊಂಡು ಹೋಗಿಬಿಟ್ಟರೆ? ಅದೊಂದೇ ನನ್ನನ್ನು ತಿನ್ನುತ್ತಿತ್ತು.

ಹೊದಿಕೆಯ ಮೇಲಿಂದ ಅವಳ ಮೊಣಕಾಲ ಮೇಲೆ ಕೈಯಿಟ್ಟೆ. ತಟ್ಟಲು ಧೈರ್ಯ ಬರಲಿಲ್ಲ. ಸುಮ್ಮಸುಮ್ಮನೆ ತಟ್ಟಬಾರದಲ್ಲ. ಬಹಳ ಹೊತ್ತು ಹಾಗೆಯೇ ಕೂತಿದ್ದು, ಆಮೇಲೆ ಮೆಲ್ಲಗೆ ತಟ್ಟಿದೆ. ಎರಡು ಸಲ.

ಅಕ್ಕನ ಬೆರಳು ಅಲುಗಿತು. ಹೊದಿಕೆಯ ಅಂಚು ಹುಡುಕಿ, ಎಳೆದು, ಸೊಂಟದ ಹತ್ತಿರ ಸಿಕ್ಕಿಸಿಕೊಂಡಿತು. ಇನ್ನೊಂದು ಕೈ ಪರ್ಸಿಲ್ಲದ ಎದೆಯ ಮೇಲೆ ಬಂದು ಕೂತಿತು.

"ಚಳಿ ಆಗ್ತಿದೆ ಅವರಿಗೆ" ಎಂದು ನರ್ಸ್ ಇನ್ನೊಂದು ಹೊದಿಕೆ ತರಲು ಓಡಿದಳು. ವಾರದಿಂದ ಹಿಡಿದಿದ್ದ ಉಸಿರನ್ನು ನಾನು ಮಾಸ್ಕಿನೊಳಗೇ ಬಿಟ್ಟೆ. ಅದು ಚಳಿಯಲ್ಲ. ಅಕ್ಕನ ಮೊಳಕೈಗೆ ಅಡ್ಡವಾಗದಂತೆ ನನ್ನ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡೆ.